ಸೀಟಿನ ಜೊತೆಗೆ ಹಾಸ್ಟೆಲ್ ತಯಾರಿಯೂ ಆಗಲಿ

ಪಿಯುಸಿ ಫಲಿತಾಂಶ ಬಂದು ಸಿಇಟಿ, ನೀಟ್ ಕೌನ್ಸೆಲಿಂಗ್ ಶುರುವಾಗುವ ಹೊತ್ತಿಗೆ ನಮ್ಮ ಮನೆಗಳಲ್ಲಿ ಎರಡು ಪ್ರಶ್ನೆ ಕೇಳಿಬರುತ್ತವೆ. ಸೀಟು ಎಲ್ಲಿ ಸಿಕ್ಕಿತು? ಫೀಸು ಎಷ್ಟು? ಮಕ್ಕಳು ಎಲ್ಲಿ ಉಳಿಯುವುದು ಎಂಬ ಮೂರನೇ ಪ್ರಶ್ನೆ ಏಳುವುದು ಕ್ಲಾಸು ಶುರುವಾಗಲು ಒಂದು ವಾರ ಉಳಿದಾಗ. ಆಗ ಹಾಸಿಗೆ, ಬಕೆಟ್, ಬೀಗ ಎಲ್ಲ ಒಂದೇ ದಿನದಲ್ಲಿ ಖರೀದಿ ಆಗುತ್ತದೆ. ಆದರೆ ಅಷ್ಟರಲ್ಲಿ ಒಳ್ಳೆಯ ಹಾಸ್ಟೆಲ್‌ಗಳು ಭರ್ತಿಯಾಗಿರುತ್ತವೆ. ಸರಕಾರಿ ಹಾಸ್ಟೆಲ್‌ಗೆ ಅರ್ಜಿ ಹಾಕುವ ದಿನಾಂಕವೂ ಕೆಲವೊಮ್ಮೆ ದಾಟಿರುತ್ತದೆ. ಅಂಕ ಇದ್ದೂ, ಸೀಟು ಇದ್ದೂ, ಉಳಿಯಲು ಜಾಗ ಇಲ್ಲದೆ ದೂರದ ಕಾಲೇಜನ್ನು ಬಿಟ್ಟು ಊರಲ್ಲೇ ಸಿಕ್ಕಿದ ಕೋರ್ಸಿಗೆ ಸೇರುವ ಮಕ್ಕಳು ಪ್ರತಿ ಜಮಾಅತ್‌ನಲ್ಲೂ ಇದ್ದಾರೆ. ಅವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು.

ಇದು ಇಂದಿನ ಸಮಸ್ಯೆಯಲ್ಲ. 2006ರಲ್ಲಿ ಬಂದ ಸಾಚಾರ್ ಸಮಿತಿ ವರದಿಯಲ್ಲೇ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ಕಡಿಮೆ ಖರ್ಚಿನ ಹಾಸ್ಟೆಲ್ ಆದ್ಯತೆಯ ಮೇಲೆ ಬೇಕು, ಅದರಲ್ಲೂ ತಾಲೂಕು ಕೇಂದ್ರಗಳಲ್ಲಿ ಹೆಣ್ಣುಮಕ್ಕಳಿಗೆ ಬೇಕು ಎಂದು ಬರೆದಿತ್ತು. ಕೇಂದ್ರ ಸರಕಾರದ ಉನ್ನತ ಶಿಕ್ಷಣ ಸಮೀಕ್ಷೆ ನೋಡಿ. ದೇಶದಲ್ಲಿ 2019-20ರಲ್ಲಿ ಸುಮಾರು 21 ಲಕ್ಷ ಇದ್ದ ಮುಸ್ಲಿಂ ಕಾಲೇಜು ವಿದ್ಯಾರ್ಥಿಗಳ ಸಂಖ್ಯೆ ಕೊರೋನ ಕಾಲದ 2020-21ರಲ್ಲಿ ಸುಮಾರು 19.2 ಲಕ್ಷಕ್ಕೆ ಇಳಿಯಿತು. ಮರುವರ್ಷ ಮತ್ತೆ 21 ಲಕ್ಷಕ್ಕೆ ಬಂತು. ಅಂದರೆ ಹಳೆಯ ಜಾಗಕ್ಕೆ ವಾಪಸ್ ಬಂದದ್ದು ಅಷ್ಟೆ. ಅತ್ತ 2022ರ ಕೊನೆಗೆ ಕೇಂದ್ರವು ಒಂದರಿಂದ ಎಂಟನೇ ತರಗತಿಯ ಅಲ್ಪಸಂಖ್ಯಾತ ಮಕ್ಕಳ ವಿದ್ಯಾರ್ಥಿವೇತನವನ್ನೂ ಸಂಶೋಧನಾ ವಿದ್ಯಾರ್ಥಿಗಳ ಮೌಲಾನಾ ಆಝಾದ್ ಫೆಲೋಶಿಪ್ಪನ್ನೂ ನಿಲ್ಲಿಸಿತು. ಹೀಗಿರುವಾಗ ಉಳಿದಿರುವ ಸೌಲಭ್ಯ ಒಂದನ್ನೂ ಕೈಬಿಡುವ ಹಾಗಿಲ್ಲ.

ಆದ್ದರಿಂದ ನಾವು ಹೇಳುವುದು ಇಷ್ಟೆ. ಹಾಸ್ಟೆಲ್ ತಯಾರಿ ಬಕೆಟ್‌ನಿಂದ ಅಲ್ಲ, ಕಾಗದಪತ್ರದಿಂದ ಶುರುವಾಗಬೇಕು. ಅದೂ ಪರೀಕ್ಷೆ ಮುಗಿದ ಮರುವಾರವೇ.

ಮೊದಲು ಹೆಸರು. ಎಸೆಸೆಲ್ಸಿ ಅಂಕಪಟ್ಟಿಯಲ್ಲಿ ‘ಮಹಮ್ಮದ್’, ಆಧಾರ್‌ನಲ್ಲಿ ‘ಮೊಹಮ್ಮದ್’, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಬರೀ ‘ಎಂ.’ ಎಂದಿರುವುದು ನಮ್ಮ ಮಕ್ಕಳ ದೊಡ್ಡ ತಲೆನೋವು. ಆನ್‌ಲೈನ್ ಅರ್ಜಿಗೆ ಇದೆಲ್ಲ ಬೇರೆ ಬೇರೆ ಮನುಷ್ಯರ ಹಾಗೆ. ಅಂಕಪಟ್ಟಿಯಲ್ಲಿ ಇರುವಂತೆಯೇ ಉಳಿದದ್ದನ್ನು ಸರಿಮಾಡಿಸಿ. ಎರಡನೆಯದು ನಾಡಕಚೇರಿಯಿಂದ ಸಿಗುವ 2ಬಿ ಜಾತಿ ಮತ್ತು ಆದಾಯ ಪ್ರಮಾಣಪತ್ರ. ಅವಧಿ ಮುಗಿದಿದೆಯಾ ಎಂದು ಈಗಲೇ ನೋಡಿ, ಅದರ ಮೇಲಿರುವ ಆರ್‌ಡಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಮೂರನೆಯದು ಮಗುವಿನ ಸ್ವಂತ ಹೆಸರಿನ ಬ್ಯಾಂಕ್ ಖಾತೆ. ಅದು ಆಧಾರ್‌ಗೆ ಜೋಡಣೆ ಆಗಿರಬೇಕು. ಇಲ್ಲದಿದ್ದರೆ ಮಂಜೂರಾದ ಹಣವೂ ಕೈಗೆ ಬರುವುದಿಲ್ಲ.

ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲ್‌ಗಳಲ್ಲಿ ಊಟ, ವಸತಿ ಉಚಿತ. ಅರ್ಜಿ ಆನ್‌ಲೈನ್‌ನಲ್ಲಿ. ಸೀಟು ಸಿಗದ ಮಕ್ಕಳಿಗೆ ಊಟ-ವಸತಿಗೆ ಹಣದ ನೆರವು ಕೊಡುವ ವಿದ್ಯಾಸಿರಿ ಉಂಟು. ಸಿಇಟಿ, ನೀಟ್ ಮೂಲಕ ವೃತ್ತಿಪರ ಕೋರ್ಸಿಗೆ ಸೇರುವವರಿಗೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲ ಉಂಟು, ಅದಕ್ಕೆ ಶೇ. 2ರ ಸೇವಾಶುಲ್ಕ ಮಾತ್ರ. ಆದಾಯ ಮಿತಿ, ಕೊನೆಯ ದಿನಾಂಕ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಅದಕ್ಕೆ ವಾಟ್ಸ್ಆ್ಯಪ್ ಫಾರ್ವರ್ಡ್ ನಂಬಿ ಕೂರಬೇಡಿ. ಇಲಾಖೆಯ ತಾಲೂಕು ಮಾಹಿತಿ ಕೇಂದ್ರಕ್ಕೆ ಒಮ್ಮೆ ಹೋಗಿ ಕೇಳಿ ಬನ್ನಿ.

ಖಾಸಗಿ ಹಾಸ್ಟೆಲ್ ಅಥವಾ ಪಿಜಿ ಆದರೆ ಹಣ ಕಟ್ಟುವ ಮೊದಲು ನೋಡುವುದು ಬಹಳ ಉಂಟು. ಠೇವಣಿಗೆ ರಶೀದಿ ಕೊಡುತ್ತಾರಾ, ಅರ್ಧದಲ್ಲಿ ಬಿಟ್ಟರೆ ಎಷ್ಟು ವಾಪಸ್, ಒಂದು ಕೋಣೆಗೆ ಎಷ್ಟು ಜನ, ಕುಡಿಯುವ ನೀರು ಎಲ್ಲಿಯದು, ಬೆಂಕಿ ಬಿದ್ದರೆ ಹೊರಬರಲು ಎರಡನೇ ದಾರಿ ಇದೆಯಾ? ಇದನ್ನೆಲ್ಲ ಕೇಳಲು ನಾಚಿಕೆ ಬೇಡ. ಈಗಾಗಲೇ ಅಲ್ಲಿರುವ ಮಕ್ಕಳನ್ನು ಮಾತಾಡಿಸಿದರೆ ವಾರ್ಡನ್ ಹೇಳದ ವಿಷಯವೂ ಗೊತ್ತಾಗುತ್ತದೆ. ಇನ್ನೊಂದು ಮಾತು. ಕಾಲೇಜಿನ ಹೊರಗಿನ ಹಾಸ್ಟೆಲ್‌ನಲ್ಲಿ ಒಬ್ಬರಿಗೆ ತಿಂಗಳಿಗೆ 20,000 ರೂಪಾಯಿಯೊಳಗೆ ಬಾಡಿಗೆ ಇದ್ದು, ಸತತ 90 ದಿನಕ್ಕೆ ಕಡಿಮೆಯಿಲ್ಲದೆ ಉಳಿಯುವುದಾದರೆ ಜಿಎಸ್‌ಟಿ ವಿನಾಯಿತಿ ಕೊಡಲು 2024ರ ಜೂನ್ 22ರ ಜಿಎಸ್‌ಟಿ ಮಂಡಳಿ ಸಭೆ ಶಿಫಾರಸು ಮಾಡಿತು, ಜುಲೈಯಲ್ಲಿ ಜಾರಿಗೂ ಬಂತು. ಬಿಲ್ಲಿನಲ್ಲಿ ಜಿಎಸ್‌ಟಿ ಸೇರಿಸಿದ್ದರೆ ಯಾಕೆ ಎಂದು ಕೇಳುವ ಹಕ್ಕು ನಿಮಗಿದೆ.

ಇನ್ನು ಹೆಣ್ಣುಮಕ್ಕಳ ವಿಷಯ. “ಮಗಳನ್ನು ಹಾಸ್ಟೆಲ್‌ಗೆ ಕಳಿಸುವುದಾ?” ಎಂದು ಕೇಳುವ ಉಮ್ಮಂದಿರ ಭಯವನ್ನು ನಾವು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ಭಯಕ್ಕೆ ಮದ್ದು ಮಗಳನ್ನು ಮನೆಯಲ್ಲಿ ಕೂರಿಸುವುದಲ್ಲ, ಸರಿಯಾಗಿ ವಿಚಾರಿಸುವುದು. ಉಮ್ಮನೇ ಒಮ್ಮೆ ಹೋಗಿ ಕೋಣೆ, ಬಚ್ಚಲು, ಗೇಟು, ಬಸ್ ನಿಲ್ದಾಣದಿಂದ ಬರುವ ದಾರಿ ನೋಡಲಿ. ರಾತ್ರಿ ಎಷ್ಟು ಗಂಟೆಗೆ ಬಾಗಿಲು ಹಾಕುತ್ತಾರೆ, ಊರಿಗೆ ಹೊರಟಾಗ ಮನೆಗೆ ಫೋನು ಮಾಡುತ್ತಾರಾ ಎಂದು ಕೇಳಲಿ. ಉಪ್ಪ ಗಲ್ಫ್‌ನಲ್ಲಿದ್ದರೆ ಆ ಊರಲ್ಲಿ ಸ್ಥಳೀಯ ಪೋಷಕರು ಯಾರು ಎಂಬುದನ್ನು ಅವರ ಒಪ್ಪಿಗೆ ಪಡೆದೇ ನಿಗದಿ ಮಾಡಿ. ಸುಮ್ಮನೆ ಪರಿಚಯದವರ ನಂಬರ್ ಬರೆದುಕೊಟ್ಟರೆ ಆಪತ್ತಿಗೆ ಆಗುವುದಿಲ್ಲ.

ಸಮವಸ್ತ್ರದ ವಿಷಯವನ್ನೂ ಮೊದಲೇ ಕೇಳಬೇಕು. ಹಿಜಾಬ್ ಪ್ರಕರಣದಲ್ಲಿ 2022ರ ಮಾರ್ಚ್ 15ರಂದು ರಾಜ್ಯ ಹೈಕೋರ್ಟ್ ಅರ್ಜಿಗಳನ್ನು ವಜಾ ಮಾಡಿತು. ಅದೇ ವರ್ಷ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಆ ವರ್ಷ ಕರಾವಳಿಯ ಎಷ್ಟೋ ಮಕ್ಕಳ ಓದಿಗೆ ಪೆಟ್ಟು ಬಿದ್ದದ್ದು ವರ್ಷದ ಮಧ್ಯೆ ಪ್ರಶ್ನೆ ಎದ್ದದ್ದರಿಂದ. ಆದ್ದರಿಂದ ಕಾಲೇಜಿನ ನಿಯಮ ಏನು ಎಂಬುದನ್ನು ಫೀಸು ಕಟ್ಟಿದ ಮೇಲೆ ಅಲ್ಲ, ಮೊದಲೇ ಪ್ರಾಸ್ಪೆಕ್ಟಸ್‌ನಲ್ಲಿ ಓದಿ, ಕಚೇರಿಯಲ್ಲಿ ಕೇಳಿ ತೀರ್ಮಾನಿಸಿ.

ಸಾಮಾನಿನ ಪಟ್ಟಿ ಚಿಕ್ಕದಿರಲಿ. ಕೋಣೆಯಲ್ಲಿ ಮಂಚ, ಕಪಾಟು ಇದೆಯಾ ಕೇಳಿಯೇ ಹಾಸಿಗೆ ತೆಗೆದುಕೊಳ್ಳಿ. ಮಕ್ಕಳು ಹೊರಡುವುದು ಹೆಚ್ಚಾಗಿ ಮಳೆಗಾಲದಲ್ಲಿ. ಬಟ್ಟೆ ಒಣಗುವುದಿಲ್ಲ, ಹಾಗಾಗಿ ಬೇಗ ಒಣಗುವ ಬಟ್ಟೆ, ಹಗ್ಗ, ಎರಡು ಬೀಗ, ಟಾರ್ಚ್, ದಿನದ ಮದ್ದು ಇದ್ದರೆ ಸಾಕು. ಮೂಲ ದಾಖಲೆಗಳನ್ನು ಒಂದೇ ಪ್ಲಾಸ್ಟಿಕ್ ಫೈಲಿನಲ್ಲಿಡಿ, ಎಲ್ಲದರ ಫೋಟೊ ಮನೆಯವರ ಮೊಬೈಲಿನಲ್ಲೂ ಇರಲಿ. ಘಟ್ಟ ಹತ್ತುವವರು ಒಂದು ದಿನ ಮುಂಚೆಯೇ ಹೊರಡುವುದು ಒಳ್ಳೆಯದು. 2024ರ ಜುಲೈಯಲ್ಲಿ ಶಿರಾಡಿಯಲ್ಲಿ ಗುಡ್ಡ ಜರಿದು ರಸ್ತೆಯೂ ಬಂದ್ ಆಯಿತು, ಎಡಕುಮೇರಿ ಬಳಿ ಹಳಿಯ ಅಡಿ ಮಣ್ಣು ಜಾರಿ ಮಂಗಳೂರು-ಬೆಂಗಳೂರು ರೈಲೂ ನಿಂತಿತು. ಪ್ರವೇಶದ ಕೊನೆಯ ದಿನ ಇಂಥದ್ದಾದರೆ ಸೀಟಿಗೇ ಕಷ್ಟ. ಮಗಳು ರಜೆಗೆ ಬರುವಾಗ ಶಕ್ತಿ ಯೋಜನೆಯಲ್ಲಿ ಸರಕಾರಿ ಸಾಮಾನ್ಯ ಬಸ್ಸು ಉಚಿತ. ನಮ್ಮ ಜಿಲ್ಲೆಯೊಳಗೆ ಖಾಸಗಿ ಬಸ್ಸೇ ಜಾಸ್ತಿ ಆದ್ದರಿಂದ ಈ ಲಾಭ ನಮಗೆ ಅಷ್ಟು ಗೊತ್ತಾಗಿಲ್ಲ. ದೂರದ ಊರಿನಲ್ಲಿ ಓದುವ ಮಕ್ಕಳಿಗೆ ಅದು ದೊಡ್ಡ ಉಳಿತಾಯ.

ಹೊರಡುವ ಮೊದಲು ಮಕ್ಕಳ ಜೊತೆ ಕೂತು ಮಾತಾಡುವುದು ಇದೆಲ್ಲಕ್ಕಿಂತ ಮುಖ್ಯ. ರ‍್ಯಾಗಿಂಗ್ ಅಂದರೆ ಹೊಡೆಯುವುದು ಮಾತ್ರವಲ್ಲ. ಹೀಯಾಳಿಸುವುದು, ಹಿರಿಯರ ನೋಟ್ಸ್ ಬರೆಸುವುದು, ಹಣ ಕೇಳುವುದೂ ಯುಜಿಸಿಯ 2009ರ ನಿಯಮದ ಪ್ರಕಾರ ರ‍್ಯಾಗಿಂಗೇ. 1800-180-5522 ಎಂಬ ಸಹಾಯವಾಣಿ ದಿನದ 24 ಗಂಟೆಯೂ ಇದೆ. ವಿದ್ಯಾರ್ಥಿಯೂ ಪೋಷಕರೂ ಕೊಡಬೇಕಾದ ರ‍್ಯಾಗಿಂಗ್ ವಿರೋಧಿ ಮುಚ್ಚಳಿಕೆಗೆ ಓದದೆ ಸಹಿ ಹಾಕಬೇಡಿ, ಅದರಲ್ಲಿ ನಮ್ಮ ಮಗನ ಹೊಣೆಯೂ ಇದೆ.

ಹಣದ ವಿಷಯದಲ್ಲಿ ಈಗ ಹೊಸ ಬಲೆ ಬಂದಿದೆ. “ನಿನ್ನ ಅಕೌಂಟ್ ಕೊಡು, ಕಮಿಷನ್ ಕೊಡ್ತೇವೆ” ಎಂದು ವಿದ್ಯಾರ್ಥಿಗಳ ಖಾತೆಗೆ ವಂಚನೆಯ ಹಣ ಹಾಕಿಸುತ್ತಾರೆ. ಹಣ ಯಾರದೋ, ಕೇಸು ನಮ್ಮ ಮಕ್ಕಳ ಮೇಲೆ. ಎಟಿಎಂ ಕಾರ್ಡು, ಸಿಮ್, ಒಟಿಪಿ ರೂಮಿನ ಗೆಳೆಯನಿಗೂ ಕೊಡಬಾರದು. ಸೈಬರ್ ವಂಚನೆಗೆ 1930ಕ್ಕೆ ಕರೆ ಮಾಡಬೇಕು. ಮಾದಕ ವಸ್ತುವಿನ ಬಗ್ಗೆಯೂ ಸುತ್ತಿಬಳಸದೆ ಹೇಳಿ. ಇನ್ನು ಮೊದಲ ತಿಂಗಳು ಮನೆಯ ನೆನಪು ಕಾಡುತ್ತದೆ, ಊಟ ಹಿಡಿಸುವುದಿಲ್ಲ. “ಎಂತ ಆದ್ರೂ ಫೋನ್ ಮಾಡು, ಬೈಯುವುದಿಲ್ಲ” ಎಂಬ ಒಂದು ಮಾತು ಮಕ್ಕಳಿಗೆ ದೊಡ್ಡ ಧೈರ್ಯ. ಮನೆಯವರಲ್ಲೂ ಹೇಳಲಾಗದ ಸಂಕಟಕ್ಕೆ ಟೆಲಿ ಮನಸ್‌ನ 14416 ಇದೆ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಇದಿಷ್ಟನ್ನು ಪ್ರತಿ ಮನೆಯೂ ಒಂಟಿಯಾಗಿ ಮಾಡುವುದು ಕಷ್ಟ, ಅದರಲ್ಲೂ ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತುವವರಿಗೆ. ಮದುವೆಗೆ ಕುರ್ಚಿ, ಪಾತ್ರೆ ಒದಗಿಸುವ ನಮ್ಮ ಜಮಾಅತ್‌ಗಳಿಗೆ ಇದೂ ದೊಡ್ಡ ಕೆಲಸವೇನಲ್ಲ. ಈ ವರ್ಷ ಊರು ಬಿಟ್ಟು ಓದಲು ಹೊರಡುವ ಮಕ್ಕಳ ಪಟ್ಟಿ ಮಾಡಿ. ಒಂದು ಭಾನುವಾರ ಮದ್ರಸದ ಕೋಣೆಯಲ್ಲಿ ಲ್ಯಾಪ್‌ಟಾಪ್, ಸ್ಕ್ಯಾನರ್ ಇಟ್ಟು ಅರ್ಜಿ ತುಂಬಿಸಿ. ಕಳೆದ ವರ್ಷ ಹೋದ ಮಕ್ಕಳನ್ನು ಕರೆಸಿ ಹೊಸಬರ ಜೊತೆ ಮಾತಾಡಿಸಿ. ಠೇವಣಿ ಕಟ್ಟಲಾಗದ ಎರಡು ಮಕ್ಕಳಿದ್ದರೆ ಹೆಸರು ಹೊರಗೆ ಬಾರದಂತೆ ಸಹಾಯ ಮಾಡಿ. ಕಮಿಟಿಯ ಮುಂದಿನ ಸಭೆಯಲ್ಲೇ ಆ ಭಾನುವಾರ ಯಾವುದೆಂದು ತೀರ್ಮಾನವಾಗಲಿ.