ಆಲಿಸಿದ್ದು, ಆಯ್ದದ್ದು: ಪ್ಲೇಟಿನ ಹಿಂಬದಿ

ಗ್ರಾಮಾಫೋನು ಇದ್ದ ಮನೆಗಳ ಹಿರಿಯರಿಗೆ ಇದು ನೆನಪಿರಬಹುದು. ಪ್ಲೇಟಿಗೆ ಎರಡು ಬದಿಗಳು. ಜನ ಮೆಚ್ಚುವರೆಂದು ಕಂಪೆನಿಯವರು ನಂಬಿದ ಹಾಡು ಮುಂಬದಿಗೆ. ಜಾಗ ತುಂಬಲು ಒದಗಿದ ಹಾಡು ಹಿಂಬದಿಗೆ. ಮುಂಬದಿಯು ಮುಳ್ಳಿನ ಕೆಳಗೆ ಸವೆದು ಬಿಳುಪೇರುತ್ತಿತ್ತು; ಹಿಂಬದಿ ಅಂಗಡಿಯಿಂದ ತಂದ ದಿನದ ಹೊಳಪಿನಲ್ಲಿಯೇ ಉಳಿಯುತ್ತಿತ್ತು. ಹೀಗೆ ಯಾರೂ ಲಕ್ಷ್ಯವಿಡದ ಹಿಂಬದಿಯಿಂದ ಒಂದು ಸಂಗೀತ ಪ್ರಕಾರವೇ ಹುಟ್ಟಿ ಲೋಕಸಂಚಾರ ಮಾಡಿದ ವೃತ್ತಾಂತವನ್ನು ಈ ತಿಂಗಳು ವಾಚಕರ ಮುಂದಿಡುತ್ತೇನೆ. ಕೆಲವು ತಿಂಗಳುಗಳಿಂದ ಬಿಡುವಿನ ವೇಳೆಯಲ್ಲಿ ನಾನು ಆಲಿಸುತ್ತಿರುವುದು ಈ ಸಂಗೀತವನ್ನೇ. ಅದರ ಹೆಸರು ಡಬ್. ಅದರ ಹುಟ್ಟೂರು ಜಮೈಕ.

ಜಮೈಕ ಎಂದೊಡನೆ ನಮ್ಮ ಮಕ್ಕಳಿಗೆ ನೆನಪಾಗುವುದು ಓಟದ ಉಸೇನ್ ಬೋಲ್ಟ್ ಮತ್ತು ಬೆಂಗಳೂರು ತಂಡಕ್ಕೆ ಆಡಿದ ಕ್ರಿಸ್ ಗೇಲ್. ನಮ್ಮ ವಯಸ್ಸಿನವರಿಗೆ ವೇಗದ ಬೌಲರ್ ಮೈಕೆಲ್ ಹೋಲ್ಡಿಂಗ್. ಕೆರಿಬಿಯನ್ ಕಡಲಿನ ಈ ದ್ವೀಪದ ವಿಸ್ತೀರ್ಣ ಸುಮಾರು 11 ಸಾವಿರ ಚದರ ಕಿಲೋಮೀಟರ್. ಕೇರಳದ ಮೂರರಲ್ಲೊಂದು ಪಾಲಿಗೂ ಅದು ಸಮವಾಗದು. 1962ರ ಆಗಸ್ಟ್ 6ರಂದು ಬ್ರಿಟಿಷರ ಆಳ್ವಿಕೆಯಿಂದ ಬಿಡುಗಡೆ ಹೊಂದಿದ ಆ ಪುಟ್ಟ ನಾಡು, ಅದೇ ದಶಕದ ಕೊನೆಗೆ ರೆಗ್ಗೆ ಎಂಬ ಸಂಗೀತವನ್ನು ಲೋಕಕ್ಕೆ ಕೊಟ್ಟಿತು. 2018ರಲ್ಲಿ ಯುನೆಸ್ಕೊ ಸಂಸ್ಥೆಯು ರೆಗ್ಗೆಯನ್ನು ಮಾನವಕುಲದ ಅಮೂರ್ತ ಪರಂಪರೆಗಳ ಪಟ್ಟಿಗೆ ಸೇರಿಸಿತು. ಡಬ್ ಎಂಬುದು ಈ ರೆಗ್ಗೆಯ ಮಗು.

ಅಲ್ಲಿಯ ಬಡಜನರ ಮನರಂಜನೆ ನಡೆಯುತ್ತಿದ್ದುದು ಬಯಲಿನಲ್ಲಿ. ಆಳೆತ್ತರದ ಧ್ವನಿವರ್ಧಕಗಳನ್ನು ಲಾರಿಯಲ್ಲಿ ಹೇರಿ ತಂದು, ಅಂಗಳದಲ್ಲಿ ನಿಲ್ಲಿಸಿ, ರಾತ್ರಿಯಿಡೀ ಪ್ಲೇಟುಗಳನ್ನು ನುಡಿಸುವವರಿದ್ದರು. ಅದಕ್ಕೆ ಸೌಂಡ್ ಸಿಸ್ಟಮ್ ಎಂದೇ ಹೆಸರು. ಒಬ್ಬನಲ್ಲಿರುವ ಹಾಡು ಇನ್ನೊಬ್ಬನಲ್ಲಿ ಇರಬಾರದೆಂಬ ಸ್ಪರ್ಧೆಯಿದ್ದುದರಿಂದ, ತಮಗಾಗಿಯೇ ಒಂದೊಂದು ಪ್ರತಿಯ ಪ್ಲೇಟುಗಳನ್ನು ಅವರು ಮಾಡಿಸಿಕೊಳ್ಳುತ್ತಿದ್ದರು. ಇದೇ ಡಬ್ ಪ್ಲೇಟು.

1960ರ ದಶಕದ ಕೊನೆಯಲ್ಲಿ ರಡ್ಡಿ ರೆಡ್‌ವುಡ್ ಎಂಬಾತ ಇಂಥದೊಂದು ಪ್ಲೇಟನ್ನು ಮಾಡಿಸಲು ಕಿಂಗ್‌ಸ್ಟನ್ ನಗರದ ಡ್ಯೂಕ್ ರೀಡ್ ಅವರ ಸ್ಟುಡಿಯೋಗೆ ಹೋಗಿದ್ದನೆಂದೂ, ಮುದ್ರಿಸುವಾತ ಕಣ್ತಪ್ಪಿನಿಂದ ಗಾಯಕರ ಧ್ವನಿಯನ್ನು ಸೇರಿಸದೆ ಬರಿಯ ವಾದ್ಯಗಳನ್ನೇ ಮುದ್ರಿಸಿದನೆಂದೂ ಹೇಳುತ್ತಾರೆ. ರೆಡ್‌ವುಡ್ ಅದನ್ನು ತಿದ್ದಿಸಲಿಲ್ಲ, ಹಾಗೆಯೇ ಒಯ್ದ. ಆ ರಾತ್ರಿ ಮೊದಲು ಹಾಡಿನ ಪ್ಲೇಟನ್ನೂ ಬಳಿಕ ಈ ಮೂಕ ಪ್ಲೇಟನ್ನೂ ನುಡಿಸಿದ. ಖಾಲಿಯಾಗಿದ್ದ ಜಾಗವನ್ನು ನೆರೆದ ಜನರೇ ತುಂಬಿದರು. ಹಾಡನ್ನು ಬಾಯಿಪಾಠ ಬಲ್ಲ ಸಭೆಯೇ ಹಾಡಿತು. ಅಲ್ಲಿಂದ ಮುಂದೆ ಜಮೈಕದ ಪ್ಲೇಟುಗಳ ಹಿಂಬದಿಗೆ ಬೇರೊಂದು ಹಾಡನ್ನು ಹುಡುಕುವ ಶ್ರಮ ಉಳಿಯಲಿಲ್ಲ. ಮುಂಬದಿಯ ಹಾಡನ್ನೇ ಮಾತು ಕಳೆದು ಹಿಂಬದಿಗೆ ಹಾಕಿ, ವರ್ಶನ್ ಎಂದು ಹೆಸರಿಟ್ಟರು.

ಈ ಮಿತವ್ಯಯದ ಉಪಾಯವನ್ನು ಕಲೆಯನ್ನಾಗಿ ಮಾಡಿದವರು ಆಸ್ಬೋರ್ನ್ ರಡಕ್. ಜನ ಕರೆದ ಹೆಸರು ಕಿಂಗ್ ಟಬ್ಬಿ. 1941ರಲ್ಲಿ ಹುಟ್ಟಿದ ಇವರು ಗಾಯಕರಲ್ಲ, ವಾದಕರೂ ಅಲ್ಲ. ರೇಡಿಯೋ ರಿಪೇರಿ ಮಾಡುವವರು, ಟ್ರಾನ್ಸ್‌ಫಾರ್ಮರ್ ಸುತ್ತುವವರು. ಕಿಂಗ್‌ಸ್ಟನ್ನಿನ ವಾಟರ್‌ಹೌಸ್ ಕೇರಿಯ ಸಣ್ಣ ಮನೆಯೇ ಇವರ ಸ್ಟುಡಿಯೋ. ಅಲ್ಲಿ ಒಂದು ವಾದ್ಯಮೇಳಕ್ಕೆ ಕುಳಿತುಕೊಳ್ಳಲೂ ಸ್ಥಳವಿರಲಿಲ್ಲ. ಸ್ನಾನದ ಕೋಣೆಯನ್ನೇ ಗಾಯಕರು ನಿಲ್ಲುವ ಕೋಣೆಯನ್ನಾಗಿ ಮಾಡಿಕೊಂಡಿದ್ದರು. ಬೇರೆಡೆ ಮುದ್ರಿತವಾದ ಧ್ವನಿಸುರುಳಿಗಳು ಇವರ ಬಳಿಗೆ ಬರುತ್ತಿದ್ದವು. ಸುರುಳಿಯಲ್ಲಿ ನಾಲ್ಕು ಪಟ್ಟಿಗಳು: ಬಾಸ್ ಗಿಟಾರು, ಡ್ರಮ್ಮು, ಉಳಿದ ವಾದ್ಯಗಳು, ಗಾಯನ ಎಂಬಂತೆ ಧ್ವನಿಗಳು ಅವುಗಳಲ್ಲಿ ಹಂಚಿಹೋಗಿರುತ್ತಿದ್ದವು. ಪ್ರತಿಯೊಂದಕ್ಕೂ ಒಂದೊಂದು ಹಿಡಿ. ಸುರುಳಿ ತಿರುಗುತ್ತಿರುವಾಗಲೇ ಟಬ್ಬಿಯವರು ಗಾಯನದ ಹಿಡಿಯನ್ನು ಇಳಿಸುವರು, ಗಿಟಾರನ್ನು ಒಂದು ಕ್ಷಣ ತೋರಿಸಿ ಮರೆಮಾಡುವರು, ಡ್ರಮ್ಮಿನ ಒಂದೇ ಪೆಟ್ಟನ್ನು ಪ್ರತಿಧ್ವನಿಯ ಯಂತ್ರಕ್ಕೆ ಕಳಿಸುವರು. ಆ ಪೆಟ್ಟು ಕಣಿವೆಯಲ್ಲಿ ಕೂಗಿದ ಕೂಗಿನಂತೆ ಮರುಕಳಿಸುತ್ತ ಕರಗುವುದು. ಇದನ್ನೆಲ್ಲ ಮಾಡುವುದು ಹಾಡು ಓಡುತ್ತಿರುವಷ್ಟರಲ್ಲಿಯೇ. ಅದೇ ಸುರುಳಿಯಿಂದ ನಾಳೆ ಇನ್ನೊಂದು ರೂಪ ಹುಟ್ಟಬಹುದು. ಇಂದಿನದು ಮತ್ತೆ ಅಂತೆಯೇ ಬಾರದು.

ಮೊದಲ ಬಾರಿ ಕೇಳುವವರಿಗೆ ಇದು ಅಪೂರ್ಣವಾದ ಹಾಡಿನಂತೆ ತೋರುವುದು ಸಹಜ. ಗಾಯಕನ ಅರ್ಧ ಸಾಲು ಬಂದು ಮಾಯವಾಗುತ್ತದೆ. ಉಳಿಯುವುದು ಬಾಸ್ ಗಿಟಾರಿನ ಗಂಭೀರವಾದ ನಡಿಗೆ ಮತ್ತು ತಾಳ. ಎರಡು ಮೂರು ಸಲ ಆಲಿಸಿದ ಬಳಿಕ ಕಿವಿಗೆ ಬೇರೊಂದು ಸುಖ ದೊರೆಯುತ್ತದೆ. ಹಾಡಿನ ಗೋಡೆಗಳನ್ನು ತೆಗೆದು ತೊಲೆ ಕಂಬಗಳನ್ನಷ್ಟೇ ತೋರಿಸಿದಂತೆ ಅದು. ಮನೆ ನಿಂತದ್ದು ಯಾವುದರ ಮೇಲೆ ಎಂಬುದು ಆಗ ತಿಳಿಯುತ್ತದೆ.

ತಾಳಮದ್ದಳೆಯನ್ನು ಕೇಳಿ ಬೆಳೆದ ನಮ್ಮವರಿಗೆ ಇದರ ಮುಂದಿನ ಹೆಜ್ಜೆ ತೀರ ಅಪರಿಚಿತವೆನಿಸದು. ಮಾತು ಕಳೆದ ಹಿಂಬದಿ ಸಿಕ್ಕಿದೊಡನೆ ಸೌಂಡ್ ಸಿಸ್ಟಮ್ಮಿನ ಮಾತುಗಾರರು ಮೈಕು ಹಿಡಿದು ಅದರ ಮೇಲೆ ಆಶುವಾಗಿ ಮಾತಾಡತೊಡಗಿದರು. ಅವರಲ್ಲಿ ಅಗ್ರಗಣ್ಯರು ಯು-ರಾಯ್. ಟಬ್ಬಿಯವರ ಸೌಂಡ್ ಸಿಸ್ಟಮ್ಮಿನಲ್ಲಿಯೇ ಹೆಸರು ಪಡೆದವರು. 1970ರಲ್ಲಿ ಹಳೆಯ ಹಾಡುಗಳ ಮೇಲೆ ಇವರು ಮಾತಾಡಿದ ಮೂರು ಪ್ಲೇಟುಗಳು ಜಮೈಕದ ಜನಪ್ರಿಯತೆಯ ಪಟ್ಟಿಯಲ್ಲಿ ಮೊದಲ ಮೂರು ಸ್ಥಾನಗಳನ್ನು ಒಟ್ಟಿಗೆ ಹಿಡಿದಿದ್ದವು. ನಮ್ಮಲ್ಲಿ ಭಾಗವತರ ಪದ ಮುಗಿದ ಮೇಲೆ ಅರ್ಥ. ಅವರಲ್ಲಿ ಪದದ ನಡುವೆಯೇ ಮಾತು. ವಸ್ತುವೂ ಪುರಾಣವಲ್ಲ. ಆದರೂ ಹಾಡನ್ನು ಆಧಾರವಾಗಿಟ್ಟುಕೊಂಡು, ಆ ಹೊತ್ತಿಗೆ ಹೊಳೆದುದನ್ನು ಲಯ ತಪ್ಪದೆ ಆಡುವ ಬಗೆ ಎರಡು ಕಡೆಗೂ ಸಮಾನ.

ಇನ್ನು ನಾನು ಆಲಿಸಿದ ಕೆಲವು ಧ್ವನಿಮುದ್ರಿಕೆಗಳ ವಿಚಾರ. ಮೊದಲನೆಯದು ಆಗಸ್ಟಸ್ ಪಾಬ್ಲೊ ಅವರದು. ಇವರ ವಾದ್ಯ ಮೆಲೋಡಿಕ: ಬಾಯಿಯಿಂದ ಊದುತ್ತ ಬೆರಳಿನಿಂದ ಕೀಲಿಗಳನ್ನು ಒತ್ತುವ, ಹಾರ್ಮೋನಿಯಮ್ಮಿನ ಚಿಕ್ಕ ತಮ್ಮನೆನ್ನಬಹುದಾದ ವಾದ್ಯ. ಅನೇಕ ದೇಶಗಳಲ್ಲಿ ಶಾಲೆಯ ಮಕ್ಕಳಿಗೆ ಸ್ವರ ಕಲಿಸಲು ಅದನ್ನು ಕೊಡುತ್ತಾರೆ. ದೊಡ್ಡವರು ಆಟಿಕೆಯೆಂದು ಎಣಿಸಿದ ಆ ವಾದ್ಯದಲ್ಲಿ ಪಾಬ್ಲೊ ಅವರು ಮನಸ್ಸನ್ನು ಕಲಕುವ ಏಕಾಂತದ ಸ್ವರವನ್ನು ಹೊರಡಿಸಿದರು. 1976ರಲ್ಲಿ ಹೊರಬಂದ ಅವರ ‘ಕಿಂಗ್ ಟಬ್ಬೀಸ್ ಮೀಟ್ಸ್ ರಾಕರ್ಸ್ ಅಪ್‌ಟೌನ್’ ಡಬ್ ಪ್ರಕಾರದ ಶಿಖರವೆಂದು ಬಲ್ಲವರು ಹೇಳುತ್ತಾರೆ. ಅದರ ಶೀರ್ಷಿಕೆಯ ರಚನೆಯಾದರೋ ಮೊದಲು ಜೇಕಬ್ ಮಿಲ್ಲರ್ ಎಂಬ ಗಾಯಕರ ಒಂದು ಪ್ರೇಮಗೀತೆಯ ಹಿಂಬದಿಯಾಗಿತ್ತು! ಇಂದು ಲೋಕ ಹೆಚ್ಚಾಗಿ ನೆನೆಯುವುದು ಆ ಹಿಂಬದಿಯನ್ನೇ. 2004ರ ಮರುಮುದ್ರಣದಲ್ಲಿ ಇನ್ನೂ ಕೆಲವು ರಚನೆಗಳನ್ನು ಬೋನಸ್ಸಾಗಿ ಸೇರಿಸಿದ್ದಾರೆ. ಬೋನಸ್ ಎಂದರೆ ನಮ್ಮಂಥ ಸಂಬಳದವರಿಗೆ ಓಣಂ ಹಬ್ಬದ ನೆನಪು. ಸಂಗೀತದ ಪೇಟೆಯಲ್ಲಿ ಅದರ ಅರ್ಥ, ಮೊದಲ ಮುದ್ರಣದಲ್ಲಿ ಬಿಟ್ಟುಹೋಗಿದ್ದು ಮರುಮುದ್ರಣದಲ್ಲಿ ಸೇರಿದ ಹಾಡು.

ಎರಡನೆಯದು ಲೀ ಪೆರಿ ಅವರ ‘ಬ್ಲ್ಯಾಕ್‌ಬೋರ್ಡ್ ಜಂಗಲ್ ಡಬ್’. 1973ರ ಇದರ ಹೆಸರಿನಲ್ಲಿ ಕರಿಹಲಗೆಯನ್ನು ಕಂಡು ವೃತ್ತಿಯ ಅಭಿಮಾನದಿಂದ ಕೇಳತೊಡಗಿದೆನೆಂದು ಹೇಳಿದರೆ ವಾಚಕರು ನಗಬಾರದು. ಮೊದಲ ಸಲ ಅಚ್ಚಾದುದು ಕೇವಲ 300 ಪ್ರತಿಗಳು ಎನ್ನುತ್ತಾರೆ. ಬಹುಕಾಲ ಅದು ಸಂಗ್ರಾಹಕರ ಮಾತಿನಲ್ಲಿ ಮಾತ್ರ ಜೀವಿಸಿತ್ತು. ಇಂದು ಮರುಮುದ್ರಣದಿಂದಾಗಿ ಎಲ್ಲರ ಕೈಗೆ ಎಟಕುತ್ತದೆ.

ಮೂರನೆಯದು ಪೆರಿ ಅವರು ತಮ್ಮ ಮನೆಯ ಹಿಂದಣ ‘ಬ್ಲ್ಯಾಕ್ ಆರ್ಕ್’ ಸ್ಟುಡಿಯೋದಲ್ಲಿ ಮುದ್ರಿಸಿದ ‘ಹಾರ್ಟ್ ಆಫ್ ದಿ ಕಾಂಗೋಸ್’, 1977ರದು. ಇದು ಡಬ್ ಅಲ್ಲ, ಹಾಡುಗಳೇ; ತಾರಸ್ಥಾಯಿಯಲ್ಲಿ ತೇಲುವ ಗಂಡುಕಂಠ ಪ್ರಾರ್ಥನೆಯಂತೆ ಕೇಳಿಸುತ್ತದೆ. ದೊಡ್ಡ ಕಂಪೆನಿ ಇದನ್ನು ಹೊರತರಲು ಒಪ್ಪಲಿಲ್ಲ. ಜಮೈಕದಲ್ಲಿಯೇ ಕೆಲವು ನೂರು ಪ್ರತಿಗಳು ಅಚ್ಚಾಗಿ ಮರೆಯಾದವು. ಸ್ಟುಡಿಯೋ ಕೂಡ ಮುಂದೆ ಬೆಂಕಿಗೆ ಆಹುತಿಯಾಯಿತು. ಸುಮಾರು 20 ವರ್ಷಗಳ ತರುವಾಯ, 1996ರಲ್ಲಿ, ಇಂಗ್ಲೆಂಡಿನ ಮ್ಯಾಂಚೆಸ್ಟರಿನ ‘ಬ್ಲಡ್ ಅಂಡ್ ಫೈರ್’ ಎಂಬ ಸಣ್ಣ ಸಂಸ್ಥೆ ಇದನ್ನು ಎರಡು ಡಿಸ್ಕುಗಳಲ್ಲಿ ಮರುಮುದ್ರಿಸಿತು. ಹಾಡುಗಳ ಡಬ್ ರೂಪಗಳು ಎರಡನೆಯ ಡಿಸ್ಕಿನಲ್ಲಿವೆ. ಇಂದು ಜಮೈಕದ ಶ್ರೇಷ್ಠ ಧ್ವನಿಮುದ್ರಿಕೆಗಳನ್ನು ಹೆಸರಿಸುವವರು ಇದನ್ನು ಬಿಡುವುದಿಲ್ಲ.

ಇಷ್ಟು ಬೆಲೆಬಾಳುವ ವಸ್ತು ಕಳೆದುಹೋದುದು ಹೇಗೆಂದು ಕೇಳಬಹುದು. ಕಾರಣಗಳು ಸರಳ. ಖಾಲಿ ಸುರುಳಿಗೆ ಹಣ ತೆರಬೇಕಾಗಿದ್ದುದರಿಂದ ಹಳೆಯದರ ಮೇಲೆಯೇ ಹೊಸದನ್ನು ಮುದ್ರಿಸುವುದು ಅಲ್ಲಿ ಸಾಮಾನ್ಯವಾಗಿತ್ತು. ಉಷ್ಣ ಮತ್ತು ತೇವ ಉಳಿದುದನ್ನು ತಿಂದವು. ಮೂಲ ಸುರುಳಿಯೇ ಇಲ್ಲದಾಗ, ಯಾರದೋ ಮನೆಯಲ್ಲಿ ಉಳಿದ ಪ್ಲೇಟಿನಿಂದ ಪ್ರತಿ ತೆಗೆದ ಮರುಮುದ್ರಣಗಳೂ ಇವೆ. ಮುಳ್ಳಿನ ಚಟಪಟ ಸದ್ದು ಅವುಗಳಲ್ಲಿ ಇಂದಿಗೂ ಕೇಳಿಸುತ್ತದೆ.

ಕಿಂಗ್‌ಸ್ಟನ್ನಿನ ನಾರ್ತ್ ಪರೇಡ್ ಬೀದಿಯ 17ನೆಯ ನಂಬರಿನಲ್ಲಿ ವಿನ್ಸೆಂಟ್ ಮತ್ತು ಪೆಟ್ರೀಷಿಯಾ ಚಿನ್ ದಂಪತಿಗಳ ಪ್ಲೇಟಿನ ಅಂಗಡಿಯಿತ್ತು, ಮೇಲೆ ಸ್ಟುಡಿಯೋ. ಪಾಬ್ಲೊ ಅವರಿಗೆ 1972ರಲ್ಲಿ ಕೀರ್ತಿ ತಂದ ‘ಜಾವಾ’ ಮುದ್ರಿತವಾದುದು ಅಲ್ಲಿಯೇ. ಮಾಡಿಸಿದವರು ವಿನ್ಸೆಂಟರ ಮಗ ಕ್ಲೈವ್ ಚಿನ್. 1970ರ ದಶಕದ ಕೊನೆಗೆ ದೇಶದ ರಾಜಕೀಯ ಕ್ಷೋಭೆಯಲ್ಲಿ ಕುಟುಂಬವು ನ್ಯೂಯಾರ್ಕಿಗೆ ತೆರಳಿತು. ಧ್ವನಿಸುರುಳಿಗಳು ಅಲ್ಲಿಯೇ ಉಳಿದವು. ಕಳ್ಳತನ, ಅಲಕ್ಷ್ಯ, ಅದರ ಮೇಲೆ 1988ರ ಸೆಪ್ಟೆಂಬರಿನಲ್ಲಿ ದ್ವೀಪವನ್ನೇ ನಡುಗಿಸಿದ ಗಿಲ್ಬರ್ಟ್ ಚಂಡಮಾರುತ. ಇಷ್ಟಾದರೂ ಉಳಿದ ಸುರುಳಿಗಳನ್ನು ಕ್ಲೈವ್ ಅವರು ಪಾರುಮಾಡಿದ ವೃತ್ತಾಂತ 2019ರಲ್ಲಿ ಸಾಕ್ಷ್ಯಚಿತ್ರವಾಗಿ ಬಂದಿದೆ.

ಸುರುಳಿಗಳನ್ನು ಉಳಿಸಿದರೆ ಸಾಲದು, ಹಾಡಿದವರ ಹೆಸರೂ ಉಳಿಯಬೇಕು. ಆ ದಿನಗಳಲ್ಲಿ ವಾದಕರಿಗೆ ಸಿಗುತ್ತಿದ್ದುದು ಸಾಮಾನ್ಯವಾಗಿ ಆ ಹೊತ್ತಿನ ಕೂಲಿ ಮಾತ್ರ. ಒಂದೇ ತಾಳದ ಮೇಲೆ ಹತ್ತಾರು ಪ್ಲೇಟುಗಳು ಬಂದರೂ ನುಡಿಸಿದವರ ಹೆಸರು ಎಷ್ಟೋ ಸಲ ಮೇಲೆ ಕಾಣಿಸುತ್ತಿರಲಿಲ್ಲ. ಜಮೈಕವು ತನ್ನದೇ ಆದ ಕೃತಿಸ್ವಾಮ್ಯದ ಕಾಯಿದೆಯನ್ನು ಜಾರಿಗೆ ತಂದುದು 1993ರಲ್ಲಿ. ಟಬ್ಬಿಯವರು ಅದನ್ನು ಕಾಣಲಿಲ್ಲ. 1989ರ ಫೆಬ್ರುವರಿಯಲ್ಲಿ ಅವರ ಮನೆಯ ಮುಂದೆಯೇ ಯಾರೋ ಅವರನ್ನು ಗುಂಡಿಕ್ಕಿ ಕೊಂದರು. ಆದುದರಿಂದ ಮರುಮುದ್ರಣವನ್ನು ಕೊಳ್ಳುವಾಗ ನಾನು ನೋಡುವುದು ಇದನ್ನೇ: ಒಳಪುಟದಲ್ಲಿ ನುಡಿಸಿದವರ ಹೆಸರಿದೆಯೇ? ಇದ್ದರೆ ಅದು ಉಪಕಾರಸ್ಮರಣೆ. ಇಲ್ಲದಿದ್ದರೆ ಬರಿಯ ವ್ಯಾಪಾರ.

ವಾಚಕರೇ, ಇದನ್ನೆಲ್ಲ ನಮ್ಮ ಪತ್ರಿಕೆಯಲ್ಲಿ ಇಷ್ಟು ವಿಸ್ತಾರವಾಗಿ ಬರೆದುದಕ್ಕೆ ಕಾರಣವಿದೆ. ಗಡಿನಾಡಿನ ನಮ್ಮ ಮನೆಗಳ ಅಟ್ಟದಲ್ಲಿ, ಕಪಾಟಿನ ತಳದಲ್ಲಿ, ಹಳೆಯ ಕ್ಯಾಸೆಟ್ಟುಗಳು ಬಿದ್ದಿವೆ. ದೇವಸ್ಥಾನದ ಜಗಲಿಯಲ್ಲಿ ಯಾರೋ ಮುದ್ರಿಸಿಕೊಂಡ ತಾಳಮದ್ದಳೆ, ಮದುವೆಯ ದಿನ ಅಜ್ಜಿ ಹಾಡಿದ ಶೋಭಾನೆ, ಗದ್ದೆಯ ಬದಿಯಲ್ಲಿ ಹಿಡಿದ ಪಾಡ್ದನ. ಜಮೈಕದ ಹಾಡನ್ನು ಹುಡುಕಿಕೊಂಡು ಮ್ಯಾಂಚೆಸ್ಟರಿನವರು ಬಂದರು. ನಮ್ಮ ಅಜ್ಜಿಯ ಶೋಭಾನೆಯನ್ನು ಹುಡುಕಿಕೊಂಡು ಯಾವ ಕಂಪೆನಿಯೂ ಬರಲಾರದು. ಅದಕ್ಕೆ ಇರುವ ಭಂಡಾರ ನಮ್ಮ ಮನೆಯೊಂದೇ. ಆ ಕನ್ನಡ, ಆ ಉಚ್ಚಾರ, ಆ ಧಾಟಿ ಪಠ್ಯಪುಸ್ತಕದಲ್ಲಿ ಸಿಗುವಂಥದಲ್ಲ.

ಮಾಡಬೇಕಾದುದು ಹೆಚ್ಚೇನಿಲ್ಲ. ಕ್ಯಾಸೆಟ್ಟಿನ ಹಿಂದಣ ಅಂಚಿನಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳಿರುತ್ತವೆ, ಬದಿಗೊಂದರಂತೆ. ಅವನ್ನು ಮುರಿದುಬಿಟ್ಟರೆ ಅದರ ಮೇಲೆ ಮತ್ತೊಂದು ಮುದ್ರಿಸಲಾಗದು. ಬಿಳಿಯ ಬೂಷ್ಟು ಕಂಡರೆ ಅದನ್ನು ಯಂತ್ರಕ್ಕೆ ಹಾಕದೆ ಬಲ್ಲವರಿಗೆ ತೋರಿಸಬೇಕು. ಮಳೆಗಾಲದ ತೇವದಿಂದಲೂ ಧ್ವನಿವರ್ಧಕದ ಅಯಸ್ಕಾಂತದಿಂದಲೂ ದೂರವಿಡಬೇಕು. ಸುರುಳಿ ಚೆನ್ನಾಗಿದ್ದರೆ ಒಮ್ಮೆ ಪೂರ್ತಿ ಮುಂದಕ್ಕೂ ಹಿಂದಕ್ಕೂ ಸುತ್ತಿ, ಬಳಿಕ ನುಡಿಸುತ್ತ ಕಂಪ್ಯೂಟರಿಗೆ ಪ್ರತಿ ತೆಗೆಯಬೇಕು. ಈ ಕೆಲಸವನ್ನು ಮನೆಯ ಮಕ್ಕಳು ನಮಗಿಂತ ಚೆನ್ನಾಗಿ ಮಾಡಬಲ್ಲರು. ಎಲ್ಲಕ್ಕೂ ಮೊದಲು, ಹಾಡಿದವರು ಯಾರು, ಊರು ಯಾವುದು, ವರ್ಷ ಯಾವುದು ಎಂಬುದನ್ನು ಬಲ್ಲ ಹಿರಿಯರು ಇರುವಾಗಲೇ ಕೇಳಿ ಡಬ್ಬಿಯ ಮೇಲೆ ಬರೆದಿಡಬೇಕು. ಬರೆಯುವಾಗ ಎರಡು ಬದಿಗೂ ಬರೆಯಿರಿ. ಹಿಂಬದಿಯಲ್ಲಿ ಏನಿದೆಯೆಂದು ಕೇಳಿ ನೋಡುವವರೆಗೂ ಯಾರಿಗೂ ತಿಳಿಯದು.