ಬಂದರಿನ ಬೆಕ್ಕೂ ಬೀಗ ಹಾಕಿದ ಮನೆಯೂ

ಮಲ್ಪೆಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಬೂತಾಯಿ ತಲೆ, ಬಂಗುಡೆ ಕರುಳು ತಿಂದು ಬೆಳೆದ ಬೆಕ್ಕುಗಳು ಆಗ ಇಲಿ, ಹಲ್ಲಿ, ಕಪ್ಪೆ ಹಿಡಿದು ದಿನ ದೂಡುತ್ತವೆ. ಬಲೆಯ ರಾಶಿಯ ಸಂದಿಗೆ ಕಣ್ಣು ನೆಟ್ಟು ಮಳೆಯಲ್ಲೇ ಕಾದು ಕೂರುವ ಅವುಗಳ ತಾಳ್ಮೆ ದೊಡ್ಡದು.

ಇದನ್ನು ನೋಡಿ ‘ಬೆಕ್ಕಲ್ವಾ, ಹೇಗೋ ಬದುಕುತ್ತೆ’ ಎಂದು ಸಾಕಿದ್ದನ್ನು ಮನೆಯೊಳಗೇ ಬಿಟ್ಟು, ಬೀಗ ಹಾಕಿ ಊರಿಗೆ ಹೋಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮುಚ್ಚಿದ ಮನೆಯಲ್ಲಿ ಬೇಟೆಯೆಲ್ಲಿ? ಕೆಲವೇ ದಿನ ಏನೂ ತಿನ್ನದಿದ್ದರೆ, ಅದರಲ್ಲೂ ದಪ್ಪ ಬೆಕ್ಕಾದರೆ, ಮೈಯ ಕೊಬ್ಬು ಯಕೃತ್ತಿಗೆ ಹೋಗಿ ತುಂಬುತ್ತದೆ. ಕಣ್ಣು, ಒಸಡು ಹಳದಿಗಟ್ಟುತ್ತವೆ. ಚಿಕಿತ್ಸೆ ಸಿಗದಿದ್ದರೆ ಜೀವವೇ ಹೋಗಬಹುದು. ಹೊರಡುವ ಮುಂಚೆ ಪಕ್ಕದ ಮನೆಯವರ ಕೈಗೆ ಕೀಲಿ ಕೊಡಿ. ದಿನಾ ಅನ್ನ-ಮೀನು, ನೀರು ಇಡಲು ಹೇಳಿ.