ಯುಗಾದಿ ಧೂಳು ಯಾರ ಪಾಲಿಗೆ?

ಯುಗಾದಿ ಹತ್ತಿರವಾದಂತೆ ಎಲ್ಲರ ಮನೆಯಲ್ಲೂ ಕ್ಲೀನಿಂಗ್ ಜೋರು. ಆದರೆ ಪೊರಕೆ ಹಿಡಿಯುವವರು ಮಾತ್ರ ಅಮ್ಮ, ಅಕ್ಕ, ತಂಗಿ. ಪದವಿ ಓದುವ ನನ್ನ ತಮ್ಮನಿಗೆ ಪರೀಕ್ಷೆಯೆಂದು ವಿನಾಯಿತಿ. ಬಿ.ಇ. ಓದುವ ನನಗೂ ಇಂಟರ್ನಲ್ಸ್ ಇದೆ, ಪೊರಕೆಗೆ ಅದು ಗೊತ್ತಿಲ್ಲ!

ಇದು ತಲೆ ಬೇಡದ ಕೆಲಸ ಅನ್ನುವವರು ಒಮ್ಮೆ ಮಾಡಿ ನೋಡಲಿ. ಮೊದಲು ಜೇಡರ ಬಲೆ, ಫ್ಯಾನು, ಆಮೇಲೆ ಕಪಾಟು, ಕೊನೆಗೆ ನೆಲ. ಕ್ರಮ ತಪ್ಪಿದರೆ ಒರೆಸಿದ್ದನ್ನೇ ಮತ್ತೆ ಒರೆಸಬೇಕು. ಹಾಲ್, ರೂಮು ಬೇಗ ಮುಗಿಯುತ್ತವೆ. ಅಡುಗೆಮನೆ ಹಾಗಲ್ಲ. ಗೋಡೆಗೆ, ಡಬ್ಬಗಳಿಗೆ ಇಡೀ ವರ್ಷದ ಒಗ್ಗರಣೆಯ ಜಿಡ್ಡು ಅಂಟಿರುತ್ತದೆ. ಬಿಸಿನೀರು, ಸೋಪಿನಪುಡಿಯಲ್ಲಿ ನೆನೆಸದೆ ಉಜ್ಜಿದರೆ ತೋಳು ನೋಯುವುದಷ್ಟೇ ಲಾಭ.

ಬಚ್ಚಲಿನಲ್ಲಂತೂ ಅಪಾಯವೇ ಇದೆ. ಬ್ಲೀಚಿಂಗ್ ಪೌಡರ್ ಮೇಲೆ ಆಸಿಡ್ ಬಿದ್ದರೆ ಕ್ಲೋರಿನ್ ಅನಿಲ ಏಳುತ್ತದೆ. ಕೆಮಿಸ್ಟ್ರಿಯಲ್ಲಿ ಇದನ್ನು ಬರೆದು ಅಂಕ ಪಡೆದವರು ನಾವು. ಗಾಳಿಯಾಡದ ಬಚ್ಚಲಲ್ಲಿ ಕುಕ್ಕರುಗಾಲಲ್ಲಿ ಕೂತು ಉಜ್ಜುವವರು ಅಮ್ಮ.

ಹಬ್ಬಕ್ಕೆಂದು ಹಾಸ್ಟೆಲ್‌ನಿಂದ ಊರಿಗೆ ಹೊರಟ ಹುಡುಗರೇ, ಬೇವು-ಬೆಲ್ಲದ ಹೊತ್ತಿಗೆ ಬಂದಿಳಿಯಬೇಡಿ. ಎರಡು ದಿನ ಮೊದಲೇ ಬನ್ನಿ. ಅಟ್ಟ, ಬಚ್ಚಲು ನಿಮಗಿರಲಿ. ಆಸಿಡ್, ಬ್ಲೀಚಿಂಗ್ ಪೌಡರ್ ಎರಡರಲ್ಲಿ ಒಂದನ್ನೇ ಬಳಸಿ, ಬಾಗಿಲು ತೆರೆದಿಡಿ.